ಪೂಜೆಗೆ ತೊಳೆದ ಇಂಜೆಕ್ಟರ್

ಡೀಸೆಲ್ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದು ನನ್ನ ಕೆಲಸ. ಜೆ.ಪಿ. ನಗರದ ನಮ್ಮ ಲ್ಯಾಬಿನಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹೊಸ ಇಂಜೆಕ್ಟರ್ ಹಾಕಿ, ಕಸ್ಟಮರ್ ಪರೀಕ್ಷೆಗೆ ಕಳಿಸಿದ ಡೀಸೆಲ್ ತುಂಬಿಸಿ ದಿನಗಟ್ಟಲೆ ಓಡಿಸುತ್ತೇವೆ. ಆಮೇಲೆ ಇಂಜೆಕ್ಟರ್ ಬಿಚ್ಚಿ, ಅದರ ತುದಿಯ ಕೂದಲೆಳೆಯಂಥ ತೂತುಗಳಲ್ಲಿ ಎಷ್ಟು ಮಸಿ ಕಟ್ಟಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುತ್ತೇವೆ; ಮಸಿ ಹೆಚ್ಚಿದ್ದರೆ ಡೀಸೆಲ್ ಕೆಟ್ಟದ್ದು. ಊರೆಲ್ಲ ಕೊಳೆ ತೊಳೆದರೆ ನಾವು ಕೊಳೆಯನ್ನು ಜೋಪಾನ ಮಾಡುವವರು. ಬಿಚ್ಚುವಾಗ ತುದಿಗೆ ಬೆರಳೂ ತಾಗಬಾರದು.

ಸೇರಿದ ಮೊದಲ ವರ್ಷ, ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಆಯುಧಪೂಜೆಯ ಹಿಂದಿನ ದಿನ ಸ್ಪ್ಯಾನರು, ಇಕ್ಕಳ, ಟ್ರೇ ಎಲ್ಲವನ್ನೂ ಉಜ್ಜುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಹಿಡಿದು ಸ್ಕೂಟರಿನ ತನಕ ತೊಳೆದು ಕುಂಕುಮ ಇಟ್ಟು ಬೆಳೆದವಳು; ಕೈ ಸುಮ್ಮನಿರಲಿಲ್ಲ. ಟ್ರೇಯಲ್ಲಿದ್ದ ನಾಲ್ಕು ಇಂಜೆಕ್ಟರುಗಳನ್ನೂ ಸಾಲ್ವೆಂಟಿನಲ್ಲಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಫಳಫಳ ಮಾಡಿ ಜೋಡಿಸಿಟ್ಟೆ. ಅವು ಅಂದು ಬೆಳಿಗ್ಗೆಯಷ್ಟೇ ಎಂಜಿನ್ನಿನಿಂದ ಬಿಚ್ಚಿದವು, ಇನ್ನೂ ಯಾರೂ ನೋಡದವು ಎಂದು ನೆನಪಾದದ್ದು ಆಮೇಲೆ.

ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೈಕ್ರೋಸ್ಕೋಪಿನಲ್ಲಿ ಇಣುಕಿ ನಕ್ಕರು.

“ಕ್ಲೀನಾಗಿದ್ಯಲ್ಲಮ್ಮ. ಹಾಗೇ ಬರೆದ್ಬಿಡು. ಕಸ್ಟಮರ್‌ಗೂ ಖುಷಿ, ನಿನ್ ತಪ್ಪೂ ಮುಚ್ಚೋಗುತ್ತೆ.”

“ಕ್ಲೀನ್ ಮಾಡಿದ್ದು ನಾನು ಸಾರ್, ಡೀಸೆಲ್ ಅಲ್ಲ.”

“ಪ್ರೊಬೇಷನ್ನಲ್ಲಿದೀಯ, ಮರೀಬೇಡ.”

ಅಲ್ಲಿಯವರೆಗೆ ಹೆದರಿಕೆಯಿತ್ತು. ಆ ಮಾತಿಗೆ ಮೈ ಉರಿದುಹೋಯಿತು. ನನ್ನ ಪೆದ್ದುತನಕ್ಕೆ ಎಷ್ಟು ಬೇಕಾದರೂ ಬೈಸಿಕೊಳ್ಳುತ್ತೇನೆ, ಆದರೆ ಅದನ್ನು ತೋರಿಸಿ ನನ್ನ ಕೈಯಿಂದ ಸುಳ್ಳು ಬರೆಸುವುದಕ್ಕೆ ಇವರು ಯಾರು? ಈ ಡೀಸೆಲ್ ಹಾಕಿಸಿಕೊಂಡ ಯಾವುದೋ ಬಸ್ಸು ಬನ್ನೇರುಘಟ್ಟ ರಸ್ತೆಯ ನಡುವೆ ಕೆಟ್ಟು ನಿಂತರೆ ಬೈಗುಳ ತಿನ್ನುವವನು ಅದರ ಡ್ರೈವರ್, ನಾವಲ್ಲ. ವರದಿಯಲ್ಲಿ ಬರೆದೆ: ಇಂಜೆಕ್ಟರುಗಳನ್ನು ನೋಡುವ ಮೊದಲೇ ನಾನು ತೊಳೆದಿದ್ದೇನೆ, ಈ ಪರೀಕ್ಷೆ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು. ಸಹಿ ಹಾಕಿ, ಮ್ಯಾನೇಜರಿಗೆ ಕಳಿಸಿದ ಇ-ಮೇಲನ್ನೇ ಕಸ್ಟಮರಿಗೂ ಕಳಿಸಿದೆ.

ಹಬ್ಬ ಮುಗಿದ ಮೇಲೆ ಬೇರೆ ಇಂಜೆಕ್ಟರ್ ಹಾಕಿ ಮತ್ತೆ ಓಡಿಸಿದೆವು. ಈ ಸಲ ತೂತುಗಳ ಸುತ್ತ ಮಸಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಡೀಸೆಲ್ ಫೇಲ್.

ವಾರ ಕಳೆದು ಮ್ಯಾನೇಜರ್ ಕರೆದು ಒಂದು ಕಾಗದ ಕೊಟ್ಟರು. ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಗಿತ್ತು, ಕಾರಣ, ಅಜಾಗರೂಕತೆ. ಎರಡು ಸಲ ಓದಿದೆ. ನಿಜವೇ ಆಗಿತ್ತು. ಅವರ ಮುಂದೆಯೇ ಅದಕ್ಕೂ ಸಹಿ ಹಾಕಿ ವಾಪಸು ಕೊಟ್ಟೆ.