ಅಜ್ಜ-ಅಜ್ಜಿಯರ ಪಾಲಿನ ಕೆಟ್ಟ ಮಣಿಗಳು

ರಾತ್ರಿ ಮಳೆ ಹೊಡೆದು ಬೆಳಿಗ್ಗೆ ಹೊಳವಾಯಿತೆಂದರೆ ಉರಾಯ್ ದೊಡ್ಡಮ್ಮನನ್ನು ಮನೆಯಲ್ಲಿ ಕೂರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಒದ್ದೆ ರಬ್ಬರ್ ಮರಕ್ಕೆ ಹಾಲಿಳಿಸಲು ಗೀರು ಹಾಕುವಂತಿಲ್ಲ, ಹೇಗೂ ಕೆಲಸಕ್ಕೆ ರಜೆ. ಉಟ್ಟ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕಾಲುವೆ ಪಕ್ಕದ ತಾಳೆ ತೋಟಕ್ಕೆ ಹೊರಟೇಬಿಡುತ್ತಿದ್ದಳು. ಕೆಂಪು ಮಣ್ಣು ತೊಳೆದುಹೋದಲ್ಲಿ ಹಳದಿ, ಕೆಂಪು, ನೀಲಿ ಗಾಜಿನ ಮಣಿಗಳು ಕಣ್ಣು ಬಿಡುತ್ತವೆ. ಸಾಸಿವೆಗಿಂತ ಕೊಂಚ ದಪ್ಪ, ಅಷ್ಟೆ. ಎರಡು ಸಾವಿರ ವರ್ಷ ಹಳೆಯವು ಎನ್ನುತ್ತಾರೆ. ನಲವತ್ತು ವರ್ಷದಿಂದ ಆಕೆ ಅವನ್ನು ಆಯುತ್ತಿದ್ದಾಳೆ, ಬೆನ್ನು ನೋವು ಎಂದು ಒಂದು ದಿನವೂ ಅಂದವಳಲ್ಲ.

ಆಯುವುದಕ್ಕೂ ಊರಿನಲ್ಲೊಂದು ಕ್ರಮವಿದೆ. ಚೆಂದದ ಮಣಿ ಮನೆಗೆ. ತೂತಿಲ್ಲದ್ದು, ಸೊಟ್ಟಗಾದದ್ದು, ಒಂದಕ್ಕೊಂದು ಅಂಟಿ ಗಂಟಾದದ್ದು ಕಾಲುವೆ ದಂಡೆಯ ಅತ್ತಿಮರದ ಬುಡಕ್ಕೆ. ಅದು ಊರಿನ ತೀರಿಹೋದ ಅಜ್ಜ-ಅಜ್ಜಿಯರ ಪಾಲು. ಒಮ್ಮೆ ಇಟ್ಟರೆ ಮುಗಿಯಿತು, ಯಾರೂ ತಿರುಗಿ ಮುಟ್ಟುವುದಿಲ್ಲ.

ದೇವಸ್ಥಾನದ ಹಜಾರದಲ್ಲಿ ಸಣ್ಣದೊಂದು ಮ್ಯೂಸಿಯಂ ಮಾಡಲು ಪಟ್ಟಣದಿಂದ ಪ್ರೊಫೆಸರ್ ತವೀಸಕ್ ಬಂದಿದ್ದರು. ಒಳ್ಳೆಯ ಮನುಷ್ಯ, ಇಲ್ಲವೆನ್ನಬಾರದು. ಉರಾಯ್ ಬಡಿಸಿದ ಮೀನಿನ ಹುಳಿಸಾರನ್ನು ಬೆವರು ಒರೆಸಿಕೊಳ್ಳುತ್ತ ಎರಡು ಸಲ ಹಾಕಿಸಿಕೊಂಡು ಉಂಡವರು. ಆದರೆ ಅವರು ಬರೆದ ಫಲಕ! "ಈ ಮಣಿಗಳು ಕಡಲಾಚೆಯ ಭಾರತದಿಂದ ಹಡಗಿನಲ್ಲಿ ಬಂದವು. ಈ ಊರು ಅವು ಇಳಿದ ದಡ." ನಾಳೆ ಶಾಲೆಯ ಮಕ್ಕಳೆದುರು ಅದನ್ನು ತೂಗುಹಾಕುವುದಿತ್ತು.

ಉರಾಯ್ ಎರಡು ಸಲ ಓದಿದಳು. ಹಾಗಾದರೆ ಇಲ್ಲಿ ಯಾರೂ ಏನೂ ಮಾಡಲೇ ಇಲ್ಲವೇ? ಕಂಡವರ ಸಾಮಾನು ಇಳಿಸಿಕೊಳ್ಳುವುದಕ್ಕಷ್ಟೇ ಇದ್ದ ಊರೇ ಇದು?

"ಮೇಷ್ಟ್ರೇ, ಇದನ್ನ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳೋದು ಬೇಡ ದೊಡ್ಡಮ್ಮ. ಭಾರತದಲ್ಲಿ ಸಿಕ್ಕಿರೋ ಮಣಿಗಳೂ ಥೇಟ್ ಹೀಗೇ ಇವೆ. ಅದೂ ಅಲ್ದೆ, ನೀವೆಲ್ಲ ಡಬ್ಬಿಗಟ್ಟಲೆ ತಂದು ತೋರಿಸಿದ್ರಲ್ಲ, ಅದ್ರಲ್ಲಿ ಒಂದಾದ್ರೂ ಕೆಟ್ಟಿರೋ ಮಣಿ ಇತ್ತಾ? ಮಣಿ ಮಾಡಿದ ಜಾಗ ಅಂದ್ಮೇಲೆ ಕೆಟ್ಟಿದ್ದು ಬಿದ್ದಿರಲೇಬೇಕು."

ಉರಾಯ್ ಹಣೆ ಚಚ್ಚಿಕೊಂಡಳು. ಮನೆಗೆ ಬಂದ ಅತಿಥಿಗೆ ಕೆಟ್ಟಿದ್ದನ್ನು ತಂದು ತೋರಿಸುವುದುಂಟೇ! ಊರಿಗೆ ಊರೇ ಮರ್ಯಾದೆ ಮಾಡಲು ಹೋಗಿ ಸಾಕ್ಷಿಯನ್ನೆಲ್ಲ ಮುಚ್ಚಿಟ್ಟಿತ್ತು.

"ಅಯ್ಯೋ, ಏಳಿ ಮೇಷ್ಟ್ರೇ, ಏಳಿ!" ಎಂದವಳೇ ಅವರ ಕೈ ಹಿಡಿದು ಎಳೆದುಕೊಂಡು ಓಡಿದಳು. ಅರವತ್ತಾರರ ಹೆಂಗಸು ಪ್ರೊಫೆಸರನ್ನು ಹಾಗೆ ಓಡಿಸಿದ್ದನ್ನು ಊರು ಇವತ್ತಿಗೂ ಆಡಿಕೊಳ್ಳುತ್ತದೆ.

ಅತ್ತಿಮರದ ಕೆಳಗೆ ಚಿಟ್ ಮಾವ ಕಸ ಗುಡಿಸುತ್ತಿದ್ದ. ಮರ ನೋಡಿಕೊಳ್ಳುವವನು ಅವನೇ. ಪೊರಕೆ ಅಡ್ಡ ಹಿಡಿದ.

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯಾ? ನಾಚಿಕೆ ಆಗಲ್ವಾ ನಿಂಗೆ?"

"ಯಾರಯ್ಯ ಕೇಳಿದ್ದು? ತೋರಿಸ್ತೀನಿ ಅಷ್ಟೇ. ದಾರಿ ಬಿಡು, ಇಲ್ದಿದ್ರೆ ಆ ಪೊರಕೇಲೇ ಬಾರಿಸ್ತೀನಿ."

ಊದುಬತ್ತಿ ಹಚ್ಚಿ ಕೈಮುಗಿದಳು. "ಅಜ್ಜೀ, ನಿಮ್ಮ ಮಾನದ ವಿಷಯ. ನೋಡ್ಕೊಂಡು ಇಲ್ಲೇ ಇಟ್ಬಿಡ್ತೀವಿ." ತರಗೆಲೆ ಸರಿಸಿದಳು. ಅಡಿಯಲ್ಲಿ ಮಂಕರಿಗಟ್ಟಲೆ ಇತ್ತು! ಮಣಿಯಾಗಿ ಕತ್ತರಿಸದೇ ಉಳಿದ ಗಾಜಿನ ಕೊಳವೆ, ತೂತು ಮುಚ್ಚಿಹೋದದ್ದು, ಹತ್ತಿಪ್ಪತ್ತು ಮಣಿ ಒಟ್ಟಿಗೆ ಕರಗಿ ಮುದ್ದೆಯಾದದ್ದು. ಪ್ರೊಫೆಸರು ಇಸ್ತ್ರಿ ಪ್ಯಾಂಟಿನಲ್ಲೇ ಕೆಸರಿಗೆ ಮಂಡಿಯೂರಿದರು.

"ಈ ಕಸಾನ ಯಾರು ಸ್ವಾಮಿ ಹಡಗಲ್ಲಿ ತುಂಬಿ ಕಳಿಸ್ತಾರೆ?" ಎಂದಳು ಉರಾಯ್.

ಪ್ರೊಫೆಸರು ಸುಲಭಕ್ಕೆ ಒಪ್ಪಲಿಲ್ಲ. "ಕಳಿಸ್ತಾರೆ ದೊಡ್ಡಮ್ಮ. ಒಡೆದ ಗಾಜನ್ನ ಮತ್ತೆ ಕರಗಿಸೋಕೆ ಅಂತ ಹಡಗಲ್ಲಿ ಸಾಗಿಸ್ತಿದ್ರು."

ಉರಾಯ್ ಬಿಟ್ಟುಕೊಡದೆ ಒಂದೊಂದನ್ನೇ ತಿರುಗಿಸಿ ನೋಡತೊಡಗಿದಳು. ಚಿಟ್ ಮಾವನೂ ಪೊರಕೆ ಬಿಸಾಡಿ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ. ಮಧ್ಯಾಹ್ನ ತಿರುಗುವ ಹೊತ್ತಿಗೆ ಅಂಗೈಯಗಲದ ಹಸಿರು ಗಾಜಿನ ಬಿಲ್ಲೆಯೊಂದು ಸಿಕ್ಕಿತು. ಕಾಲುವೆಯಲ್ಲಿ ಅದ್ದಿ ಉಜ್ಜಿದಳು. ಮೇಲೆ ನುಣುಪು. ಕೆಳಗಡೆ ಗಾಜಿನೊಳಕ್ಕೇ ಕೆಂಪು ಮುರಕಲ್ಲಿನ ಹರಳು ಹೂತುಹೋಗಿದ್ದವು. ಎಷ್ಟು ಉಜ್ಜಿದರೂ ಬರಲಿಲ್ಲ. ಕುದಿಯುವ ಗಾಜು ಯಾರದೋ ಕೈ ಜಾರಿ ನೆಲಕ್ಕೆ ಚೆಲ್ಲಿ, ನೆಲವನ್ನೇ ಕಚ್ಚಿಕೊಂಡು ಆರಿತ್ತು.

ಕಾಲಬಳಿಯ ಮಣ್ಣನ್ನು ಒಂದು ಹಿಡಿ ಎತ್ತಿ ಬಿಲ್ಲೆಯ ಪಕ್ಕ ಹಿಡಿದಳು. ಅದೇ ಬಣ್ಣ, ಅದೇ ಹರಳು.

"ಇದೂ ಹಡಗಲ್ಲೇ ಬಂತಾ ಮೇಷ್ಟ್ರೇ?"

ಪ್ರೊಫೆಸರು ಕಿರುಚಿದ ರಭಸಕ್ಕೆ ಮರದ ಮೈನಾಗಳೆಲ್ಲ ಹಾರಿದವು. "ಲ್ಯಾಬಲ್ಲಿ ನೋಡ್ಬೇಕು, ನೋಡ್ಲೇಬೇಕು! ಆದ್ರೆ ಆ ಫಲಕ ಇನ್ನು ನಡೆಯಲ್ಲ!" ಚಿಟ್ ಮಾವ ಮರಕ್ಕೆ ಕೈಮುಗಿದು, ಅಜ್ಜ-ಅಜ್ಜಿಯರ ಪರವಾಗಿ ಬಿಲ್ಲೆಯನ್ನು ಒಂದು ತಿಂಗಳ ಮಟ್ಟಿಗೆ ಎರವಲು ಕೊಟ್ಟ.

ಹಜಾರಕ್ಕೆ ಬಂದವರೇ ಪ್ರೊಫೆಸರು ಫಲಕಕ್ಕೆ ಅಂಟಿಸಿದ್ದ ಹಾಳೆ ಹರಿದು ಹೊಸ ಕಾಗದ ಎಳೆದುಕೊಂಡರು. "ಹೇಳಿ ದೊಡ್ಡಮ್ಮ, ಈ ಊರಿನ ನಿಮ್ಮ ಪೂರ್ವಜರು ಮಾಡಿದ್ದು ಅಂತ ಬರೀಲಾ?"

ಉರಾಯ್‌ಗೆ ಹೂಂ ಎನ್ನಬೇಕೆಂದು ನಾಲಿಗೆ ತುದಿಯವರೆಗೂ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡಳು.

"ಯಾರು ಮಾಡಿದ್ರೋ ನಂಗೇನು ಗೊತ್ತು? ಭಾರತದಿಂದ್ಲೇ ಬಂದು ಇಲ್ಲಿ ಒಲೆ ಹೂಡಿದ್ರೋ ಏನೋ. ಗೊತ್ತಿಲ್ಲದ್ದನ್ನ ಬರೆಸಿದ್ರೆ ನಿಮಗೂ ನಂಗೂ ಏನು ವ್ಯತ್ಯಾಸ?"

"ಮತ್ತೇನು ಬರೀಲಿ?"

"ಬರೀರಿ: ಇಲ್ಲೇ ಮಾಡಿದರು. ಬೇಕಾದಷ್ಟು ಕೆಟ್ಟೂ ಹೋದವು."