ಕಾಡಿಗೆಯ ಗೆರೆ, ಮೊದಲ ಬಸ್ಸು

ಹೆಗ್ಗಡದೇವನಕೋಟೆ ಬಸ್ ನಿಲ್ದಾಣದ ಎದುರು ಹೊಂಗೆ ಹೂ ರಾತ್ರಿಯಿಡೀ ಉದುರಿದೆ. ನಸುಕಿನಲ್ಲಿ ನೆಲವೇ ಬೆಳ್ಳಗೆ ತೇಲುತ್ತಿರುವಂತೆ ಕಾಣುತ್ತದೆ. ಆ ಬಿಳುಪಿನ ಅಂಚಿನಲ್ಲಿ ಒಂದೇ ಒಂದು ದೀಪ: ಔಷಧಿ ಅಂಗಡಿಯ ಫಾರ್ಮಸಿಸ್ಟ್ ಕಾವ್ಯಶ್ರೀ ಷಟರ್ ಎತ್ತಿದ್ದಾರೆ.

ಮೈಸೂರಿನ ಮೊದಲ ಬಸ್ಸಿಗೆ ಬರುವವರಲ್ಲಿ ಕೆಲವರು ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುವವರು. ಊರ ಮಾತಿನಲ್ಲಿ ಅದು 'ಕರೆಂಟು'. ಕಾವ್ಯಶ್ರೀ ಬೇಗ ಬಾಗಿಲು ತೆಗೆಯುವುದು ಅವರಿಗಾಗಿಯೇ. ಪಿರಿಯಾಪಟ್ಟಣದ ಕಡೆಯ ಇವರು ಮೊದಲು ಮೈಸೂರಿನ ಆಸ್ಪತ್ರೆಯೊಂದರ ಔಷಧಿ ಕಿಟಕಿಯಲ್ಲಿದ್ದರು. "ಅಲ್ಲಿ ಕೇಳೋಕೆ ಜನ ಹೆದರ್ತಿದ್ರು. ಇಲ್ಲಿ ಬಸ್ ಬರೋವರ್ಗೂ ಮಾತಾಡ್ತಾರೆ" ಎನ್ನುತ್ತಾರೆ.

ಇಂದು ಯುಗಾದಿಯ ಮಾರನೆಯ ದಿನ. ಎದೆಯ ಕ್ಯಾನ್ಸರಿಗೆ ಕರೆಂಟು ಪಡೆಯುತ್ತಿರುವ ಸೋಮಮ್ಮ ಕೌಂಟರಿಗೆ ಬರುತ್ತಾರೆ.

"ಉರಿಗೆ ಏನಾರ ಮುಲಾಮು ಕೊಡವ್ವ."

"ಅಲ್ಲಿ ಡಾಕ್ಟ್ರು ಬರೆದ್ರೆ ಮಾತ್ರ ಕೊಡ್ತೀನಿ. ಅದ್ಸರಿ ಸೋಮಮ್ಮೋರೆ, ಕುತ್ತಿಗೆ ಕೆಳಗಿನ ಗೆರೆ ಯಾಕೆ ಹಂಗೆ ಮಿಂಚ್ತಾ ಇದೆ?"

ಕರೆಂಟು ಎಲ್ಲಿ ಬೀಳಬೇಕೆಂದು ಆಸ್ಪತ್ರೆಯವರು ಮೈಮೇಲೆ ಎಳೆದ ಗೆರೆ ಅದು. ಸೋಮಮ್ಮ ಸೆರಗು ಎಳೆದುಕೊಳ್ಳುತ್ತಾರೆ.

"ನೆನ್ನೆ ಅಬ್ಬ ಅಲ್ವೇ? ಎಣ್ಣೆ ಅಚ್ಕೊಂಡು ನೀರುಯ್ಕೊಂಡೆ. ಸೀಗೆಪುಡಿಗೆ ಗೆರೆಯೆಲ್ಲ ಒಂಟೋಯ್ತು. ಸೊಸೆ ಕಾಡಿಗೇಲಿ ತಿದ್ದವ್ಳೆ. ರಂಗೋಲಿ ಬುಡೋ ಕೈ ಕಣವ್ವ ಅವ್ಳದು, ತಪ್ಪಾಗಕಿಲ್ಲ."

"ರಂಗೋಲಿ ಒಂಚೂರು ಅತ್ತಿತ್ತ ಆದ್ರೆ ಹೊಸಲೇನೂ ಬೇಜಾರು ಮಾಡ್ಕೊಳಲ್ಲ. ಇದು ಹಂಗಲ್ಲಮ್ಮ. ಬೀಳಬೇಕಾದ ಜಾಗ ಬಿಟ್ಟು ಬೇರೆ ಕಡೆ ಕರೆಂಟು ಬಿದ್ರೆ?"

"ಗೊತ್ತಾದ್ರೆ ಬಯ್ತಾರೆ. ನಾ ಇವತ್ತು ಓಗಾಕಿಲ್ಲ ಬುಡು."

ಬಸ್ಸು ಬಂದು ನಿಲ್ಲುತ್ತದೆ. ಕಾವ್ಯಶ್ರೀ ಮೈಸೂರಿನ ರೇಡಿಯೇಷನ್ ವಿಭಾಗದ ಪರಿಚಯದ ತಂತ್ರಜ್ಞನಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಸ್ಪೀಕರ್ ಹಾಕುತ್ತಾರೆ. ನಿದ್ದೆಗಣ್ಣಿನ ದನಿ: "ಕಳ್ಸಿ ಮೇಡಂ, ಯಾರೂ ಬಯ್ಯಲ್ಲ. ಅಳತೆ ನೋಡಿ ಹೊಸ ಗೆರೆ ಹಾಕೇ ಮುಂದಿನ ಕೆಲಸ."

"ಬತ್ತೀರೋ ಇಲ್ವೋ ಅವ್ವೋ?" ಕಂಡಕ್ಟರ್ ಚೆಲುವಯ್ಯ ಕೂಗುತ್ತಾರೆ. "ಬಸ್ಸು ನಿಮ್ಮಳಿಯಂದಲ್ಲ, ಕಾಯಕ್ಕೆ!"

"ಇರಲಾ, ನನ್ನಳಿಯಂದಾಗಿದ್ರೆ ನಿನ್ ಕೈಲಿ ಯಾಕೆ ಅನ್ನುಸ್ಕೋತಿದ್ದೆ!" ಸೋಮಮ್ಮ ಗೊಣಗುತ್ತ ಹತ್ತುತ್ತಾರೆ. ಬಸ್ಸು ಹೂವಿನ ಮೇಲೆ ಸದ್ದಿಲ್ಲದೆ ಜಾರಿ ಮಂಜಿನೊಳಗೆ ಕರಗುತ್ತದೆ.

ಸಂಜೆ ಮರಳಿದ ಸೋಮಮ್ಮ ಸೆರಗು ತುಸು ಸರಿಸುತ್ತಾರೆ. ಹೊಸ ಗೆರೆ, ನೇರಳೆ ಬಣ್ಣದ್ದು.

"ಬಯ್ನಿಲ್ಲ ಕಣವ್ವ. ಕಾಡಿಗೆ ಗೆರೆ ಒಂದು ಬೆರಳಗಲ ಜರುಗಿತ್ತಂತೆ. ಸೊಸೆ ಮುಂದೆ ಏಳ್ಬ್ಯಾಡ, ನೊಂದ್ಕೋತಾಳೆ."

ಅವರು ಹೋದ ಮೇಲೆ, ನಿಮಗೇನು ಆಸೆ ಎಂದು ಕೇಳಿದರೆ ಕಾವ್ಯಶ್ರೀ ಹೊಂಗೆ ಮರದ ಕಡೆ ನೋಡುತ್ತಾರೆ.

"ಒಂದು ಬೆಳಿಗ್ಗೆ ಬಸ್ಸಲ್ಲಿ ಸೋಮಮ್ಮೋರ ಸೀಟು ಖಾಲಿ ಇರ್ಬೇಕು. ಅವ್ರು ಮನೇಲಿ ಮೈತುಂಬ ಎಣ್ಣೆ ಹಚ್ಕೊಂಡು, ಯಾವ ಗೆರೆ ಚಿಂತೇನೂ ಇಲ್ದೆ ನೀರು ಹುಯ್ಕೋತಿರ್ಬೇಕು."