ಕುರ್ಲಾ ಚಾಳಿನ ವಕೀಲರು

ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಹೊಸದಾಗಿ ಬಂದ ಲಾಯರು ಇವತ್ತು ಕರಿ ಕೋಟನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದ್ದಾರೆ. ಅದರ ನುಸಿಗುಳಿಗೆಯ ವಾಸನೆ ನನ್ನ ಕಾಫಿಯ ತನಕ ಬಂತು. ಕಾಫಿ ಕೆಟ್ಟಿತು, ಮನಸ್ಸೂ ಕೆಟ್ಟಿತು. ಯಾಕೆಂದು ನಿಮಗೆ ಹೇಳಲೇಬೇಕು.

ಐವತ್ತರ ದಶಕದಲ್ಲಿ ನಾನು ಕುರ್ಲಾದ ಸಾಲುಮನೆಗಳ ಒಂದು ಚಾಳಿನಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿದ್ದೆ. ಬಿರುದು ಹಂಚುವುದರಲ್ಲಿ ನಮ್ಮ ಚಾಳಿನದು ಧಾರಾಳ ಕೈ. ಸೂಜಿ ಚುಚ್ಚುವ ಕಾಂಪೌಂಡರ್ ಡಾಕ್ಟರು, ಪಂಚಾಂಗ ತಿರುವಿದವ ಶಾಸ್ತ್ರಿ, ಕರಿ ಕೋಟು ತೊಟ್ಟ ರಂಗರಾಯ ವಕೀಲ. ಅಸಲಿಗೆ ಆತ ಫೋರ್ಟ್ ಪ್ರದೇಶದ ಒಬ್ಬ ವಕೀಲರ ಗುಮಾಸ್ತ. ಕೋಟೂ ಧಣಿ ತೊಟ್ಟು ಬಿಟ್ಟದ್ದು. ತೋಳು ಬೆರಳ ತುದಿ ಮುಚ್ಚುತ್ತಿತ್ತು. ನಲ್ಲಿ ನೀರಿನ ಜಗಳಕ್ಕೂ ಮಹಾಶಯ ಕಾನೂನಿನ ಕಲಂ ಹೇಳುತ್ತಿದ್ದ. ಗುಮಾಸ್ತನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ 'ವಕೀಲರೇ' ಎಂದೇ ಕರೆಯುತ್ತಿದ್ದೆ. ವಕೀಲರ ಪಕ್ಕದ ಖೋಲಿಯವನು ಎನಿಸಿಕೊಳ್ಳುವ ಚಪಲ.

ಎದುರು ಖೋಲಿಯಲ್ಲಿ ಧಾರವಾಡ ಕಡೆಯ ಗಂಗಾಬಾಯಿ ಮತ್ತು ಅವರ ಪುಟ್ಟ ಮಗಳು. ಗಂಡ ತೀರಿಕೊಂಡದ್ದೇ ತಡ, ಖೋಲಿ ಬಿಡಿಸಲು ಚಾಳಿನ ಮಾಲೀಕ ದಾವೆ ಹಾಕಿದ. ಗಂಗಾಬಾಯಿ ಕೋರ್ಟಿನ ಕಾಗದ ಹಿಡಿದು ನನ್ನ ಬಳಿ ಬಂದರು.

"ನಮ್ಮ ವಕೀಲರಿದ್ದಾರಲ್ಲ, ಹೆದರಬೇಡಿ" ಎಂದೆ.

ರಂಗರಾಯ ಕಾಗದವನ್ನು ಒಳಜೇಬಿಗೆ ಇಳಿಸಿದ. ಅದನ್ನು ಧಣಿಗೆ ಕೊಟ್ಟರೆ ಚಾಳಿನಲ್ಲಿ ತನ್ನ ವಕೀಲಿ ಮುಗಿಯಿತೆಂದು ಕೊಡಲೇ ಇಲ್ಲ.

ವಿಚಾರಣೆಯ ದಿನ ಮೂವರೂ ಹೋದೆವು. ಕೋರ್ಟಿನಲ್ಲಿ ಗಂಗಾಬಾಯಿಯ ಹೆಸರು ಕೂಗಿದರು. ಇವರ ಪರ ಯಾರೆಂದು ನ್ಯಾಯಾಧೀಶರು ಕೇಳಿದರು.

"ಏಳ್ರಿ ವಕೀಲ್ರ, ಮಾತಾಡ್ರಿ" ಎಂದು ಗಂಗಾಬಾಯಿ ತಿರುಗಿದರೆ, ಆತ ಕೋಟು ಕಳಚಿ ಕಂಕುಳಿಗೆ ತುರುಕಿಕೊಳ್ಳುತ್ತಿದ್ದ. ಕೊನೆಗೆ ಅವರೇ ಎದ್ದರು. ಗಾಬರಿಯಲ್ಲಿ ಬಜಾರಿನ ಮರಾಠಿಯೂ ಮರೆತುಹೋಗಿತ್ತು. "ಮದಿವ್ಯಾಗಿ ಬಂದಾಗಿಂದ ಅಲ್ಲೇ ಬಾಳೇ ಮಾಡೇನ್ರಿ ಸಾಹೇಬ್ರ. ಕೂಸು ಕಟ್ಕೊಂಡು ಎಲ್ಲಿ ಹೋಗ್ಲಿ?"

ಈ ಭಾಷೆ ಬಲ್ಲವರು ಯಾರಾದರೂ ಇದ್ದೀರಾ ಎಂದು ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಹಿಂದಿನ ಬೆಂಚಿನಲ್ಲೇ ಇದ್ದೆ. ನನ್ನ ಮೆಟ್ರಿಕ್ ಇಂಗ್ಲಿಷಿಗೆ ಅಲ್ಲಿನ ಕೋಟುಗಳೆಲ್ಲ ನಕ್ಕಾವೆಂದು ತಲೆ ತಗ್ಗಿಸಿದೆ. ಲಿಖಿತ ಉತ್ತರವಿಲ್ಲ, ಆಡಿದ ಮಾತು ತಿಳಿಸುವವರಿಲ್ಲ. ಖೋಲಿ ಹೋಯಿತು.

ವಕೀಲನೆಂದರೆ ಇನ್ನೊಬ್ಬರ ಪರವಾಗಿ ಎದ್ದು ಮಾತಾಡುವವನು, ಅಷ್ಟೇ. ಹೊರಗೆ ಬಂದು ಆ ಅರ್ಥವನ್ನು ರಂಗರಾಯನಿಗೆ ಬಿಡಿಸಿ ಹೇಳಿ, ಠಕ್ಕ, ವೇಷಗಾರ ಎಂದು ಬಾಯಿತುಂಬ ಬೈದೆ. ಗಂಗಾಬಾಯಿ ಬೈಯಲಿಲ್ಲ. ನನ್ನ ಮುಖ ನೋಡಿ ಕೇಳಿದರು:

"ನಿಮಗ ಕನ್ನಡ ಬರ್ತಿತ್ತಲ್ರಿ?"

ರಂಗರಾಯನ ಕತೆ ಹೇಳಿ ಇಷ್ಟು ವರ್ಷ ಜನರನ್ನು ನಗಿಸಿದ್ದೇನೆ. ಈ ಪ್ರಶ್ನೆಯನ್ನು ಹೇಳುತ್ತಿರುವುದು ಇದೇ ಮೊದಲು.